ಎರಡು ಸೌಂಡ್‌ಬಾರುಗಳ ತುಲನೆ: ಮಾತು ಯಾವುದರಲ್ಲಿ ತಿಳಿಯಾಗಿ ಕೇಳಿಸುತ್ತದೆ?

ಟೀವಿಯು ಹಿಂದೊಮ್ಮೆ ನಿಜಕ್ಕೂ ಒಂದು ಪೆಟ್ಟಿಗೆಯಾಗಿದ್ದಿತು. ಚಿತ್ರನಳಿಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆನ್ನುಬ್ಬಿಸಿ ಕುಳಿತ ಆ ಪೆಟ್ಟಿಗೆಯಲ್ಲಿ ಅಂಗೈಯಗಲದ ಧ್ವನಿವರ್ಧಕವೊಂದಕ್ಕೆ ಧಾರಾಳವಾಗಿ ಸ್ಥಳವಿದ್ದಿತು. ಅನೇಕ ಪೆಟ್ಟಿಗೆಗಳಲ್ಲಿ ಅದು ಕೇಳುವವರತ್ತ ಮುಖಮಾಡಿಯೂ ಇರುತ್ತಿದ್ದಿತು. ಈಗಿನ ಟೀವಿಯು ಗೋಡೆಗೆ ತೂಗಿದ ಪಟದಂತೆ ತೆಳುವಾಗಿದೆ. ಚಿತ್ರವು ದೊಡ್ಡದಾಯಿತು, ನಿಚ್ಚಳವಾಯಿತು. ಧ್ವನಿವರ್ಧಕಗಳು ಮಾತ್ರ ಕುಗ್ಗಿಹೋಗಿ, ಬಹುಮಟ್ಟಿಗೆ ನೆಲವನ್ನೋ ಹಿಂದಿನ ಗೋಡೆಯನ್ನೋ ನೋಡುತ್ತ ಕುಳಿತಿವೆ. ಈ ಕೊರತೆಯನ್ನು ನೀಗಲೆಂದು ಬಂದುದೇ ಸೌಂಡ್‌ಬಾರ್ ಎಂಬ ಉದ್ದನೆಯ ಪಟ್ಟಿ. ಟೀವಿಯ ಕೆಳಗೆ ಅದನ್ನಿಟ್ಟರೆ ಧ್ವನಿಯು ಮರಳಿ ನಮ್ಮ ಮುಖಕ್ಕೆ ನೇರವಾಗಿ ಬರುವುದು. ಅಷ್ಟರಮಟ್ಟಿಗೆ ಯಾವ ಸೌಂಡ್‌ಬಾರಾದರೂ ಉಪಕಾರಿಯೇ. ಆದರೆ ಅಂಗಡಿಯಲ್ಲಿ ಎರಡನ್ನು ಅಕ್ಕಪಕ್ಕದಲ್ಲಿಟ್ಟು, “ಯಾವುದು ಬೇಕು?” ಎಂದು ಕೇಳಿದಾಗ ಉತ್ತರ ಹೇಳುವುದು ಸುಲಭವಲ್ಲ.

ರಾಯಚೂರು ಜಿಲ್ಲೆಯ ಬಳಗಾನೂರಿನಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸಿಂಧನೂರು, ಮಸ್ಕಿಗಳ ಸೀಮೆಯದು. ತುಂಗಭದ್ರೆಯ ಎಡದಂಡೆ ನಾಲೆಯ ನೀರು ಹರಿದ ಮೇಲೆ ಜೋಳ ಹತ್ತಿಗಳ ಎರೆಭೂಮಿಯು ನೆಲ್ಲು ಬೆಳೆಯತೊಡಗಿದ ಪ್ರದೇಶ. ಮಣ್ಣಿನ ಮಾಳಿಗೆಗಳ ಪಕ್ಕದಲ್ಲಿಯೇ ಸಿಮೆಂಟಿನ ಆರ್.ಸಿ.ಸಿ. ಮನೆಗಳು ಎದ್ದಿವೆ. ನಮ್ಮ ಮನೆಯವರು ಹೊಸ ಮನೆಗೆ ಬಂದಿದ್ದಾರೆ. ನೆಲ್ಲು ಮಾರಿದ ಹಣದಲ್ಲಿ ಒಂದಿಷ್ಟನ್ನು ತೆಗೆದಿರಿಸಿ ಸೌಂಡ್‌ಬಾರ್ ಕೊಳ್ಳಬೇಕೆಂದಿದ್ದಾರೆ. ಹುಡುಗರಿಗೆ ಸಿನಿಮಾದ ಗುಡುಗು ಬೇಕು. ಎಪ್ಪತ್ತು ದಾಟಿದ ಅಜ್ಜಿಯ ಬಯಕೆ ಬೇರೆ. ಆಕೆಗೆ ಸಂಜೆಯ ವಾರ್ತೆಯೂ ಧಾರಾವಾಹಿಯ ಸಂಭಾಷಣೆಯೂ ತಿಳಿಯಬೇಕು. ಟೀವಿಯ ಸದ್ದನ್ನು ಎಷ್ಟು ಏರಿಸಿದರೂ, “ಏನಂದನಪಾ ಅವ?” ಎಂದು ಪಕ್ಕದವರನ್ನು ಕೇಳುವುದು ತಪ್ಪಿಲ್ಲ. ಹೀಗೆ ದಿನವೂ ಕೇಳಿ ಕೇಳಿ ಬೇಸತ್ತ ವೃದ್ಧರು ಕೊನೆಗೆ ಕೇಳುವುದನ್ನೇ ಬಿಟ್ಟು ಒಳಗೆ ಹೋಗಿ ಮಲಗಿಬಿಡುತ್ತಾರೆ. ಆದಕಾರಣ ಈ ಲೇಖನದಲ್ಲಿ ನಾವು ಅಜ್ಜಿಯ ಪಕ್ಷವನ್ನೇ ವಹಿಸುವೆವು. ಗುಡುಗಿನ ವಿಚಾರ ಆಮೇಲೆ.

ತುಲನೆಗೆ ಎರಡು ಬಗೆಗಳನ್ನು ಆರಿಸಿಕೊಳ್ಳೋಣ. ಮೊದಲನೆಯದರ ಪಟ್ಟಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಧ್ವನಿಮಾರ್ಗ. ಜೊತೆಗೆ ಮಂದ್ರಸ್ವರಗಳಿಗೆಂದು ಬೇರೊಂದು ಪೆಟ್ಟಿಗೆ, ಅಂದರೆ ಸಬ್‌ವೂಫರ್. ಇದನ್ನು 2.1 ಎಂದು ಗುರುತಿಸುವರು. ಸೋನಿ ಕಂಪೆನಿಯ ಎಚ್‌ಟಿ-ಎಸ್400 ಈ ಬಗೆಯದು. ಇದರ ಸಬ್‌ವೂಫರಿಗೆ ಪಟ್ಟಿಯಿಂದ ತಂತಿ ಬೇಕಿಲ್ಲ. ಎರಡನೆಯ ಬಗೆಗೆ ಅದೇ ಕಂಪೆನಿಯ ಎಚ್‌ಟಿ-ಎಸ್20ಆರ್ ಉದಾಹರಣೆ. ಅದರ ಪಟ್ಟಿಯಲ್ಲಿ ಎಡ, ಬಲಗಳಲ್ಲದೆ ನಡುವೆಯೂ ಒಂದು ಧ್ವನಿವರ್ಧಕವಿದೆ; ಕೇಳುವವರ ಬೆನ್ನ ಹಿಂದೆ ಇಡಲು ಇನ್ನೆರಡು ಚಿಕ್ಕವು, ಮತ್ತು ಒಂದು ಸಬ್‌ವೂಫರ್. ಇದು 5.1. ಇದರ ಅಂಗಗಳೆಲ್ಲ ತಂತಿಯಿಂದಲೇ ಸೇರತಕ್ಕವು. ಇವೆರಡೂ ಕೇವಲ ನಿದರ್ಶನಗಳೆಂದು ವಾಚಕರು ಭಾವಿಸಬೇಕು. ಬೇರೆ ಕಂಪೆನಿಗಳಲ್ಲಿಯೂ ಈ ಎರಡು ಬಗೆಗಳು ಉಂಟು, ಮುಂದೆ ಹೇಳುವ ವಿಚಾರ ಅವುಗಳಿಗೂ ಅನ್ವಯಿಸುವುದು.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ವಾಟುಗಳ ಲೆಕ್ಕ. ಒಂದರ ಮೇಲೆ 330 ವಾಟು, ಇನ್ನೊಂದರ ಮೇಲೆ 400 ವಾಟು ಎಂದು ಬರೆದಿದೆ. ಎಪ್ಪತ್ತು ವಾಟು ಹೆಚ್ಚಲ್ಲವೇ, ಎನ್ನುವಿರಿ. ಕಿವಿಯ ಲೆಕ್ಕ ಬೇರೆ. ಶಬ್ದದ ಮಟ್ಟವನ್ನು ಅಳೆಯುವ ಡೆಸಿಬೆಲ್ ಎಂಬ ಮಾನವು ಮೊತ್ತವನ್ನಲ್ಲ, ಅನುಪಾತವನ್ನು ಹೇಳುತ್ತದೆ. ಶಕ್ತಿ ಇಮ್ಮಡಿಯಾದರೆ ಮಟ್ಟ 3 ಡೆಸಿಬೆಲ್ ಮಾತ್ರ ಏರುವುದು. ನಮ್ಮ ಕಿವಿಗೆ ಸದ್ದು ಎರಡರಷ್ಟಾಯಿತೆಂದು ತೋರಬೇಕಾದರೆ ಶಕ್ತಿಯನ್ನು ಸುಮಾರು ಹತ್ತು ಪಟ್ಟು ಮಾಡಬೇಕು. 330ಕ್ಕೂ 400ಕ್ಕೂ ಇರುವ ಅಂತರ ಒಂದು ಡೆಸಿಬೆಲ್ಲಿಗಿಂತಲೂ ಕಡಮೆ. ಒಂದೇ ಹಾಡನ್ನು ಒಂದಾದ ಮೇಲೊಂದು ನುಡಿಸಿದರೂ ಇದನ್ನು ಗುರುತಿಸುವುದು ಕಷ್ಟ. ಮೇಲಾಗಿ ಈ ಸಂಖ್ಯೆಗಳು ಎಲ್ಲ ಧ್ವನಿವರ್ಧಕಗಳ ಪರಮಾವಧಿಯನ್ನು ಕೂಡಿಸಿದ ಮೊತ್ತ. ಮನೆಯಲ್ಲಿ ವಾರ್ತೆ ಕೇಳುವಾಗ ಸರಾಸರಿ ಒಂದು ವಾಟಿನಷ್ಟೂ ವ್ಯಯವಾಗುವುದಿಲ್ಲ. ಅಜ್ಜಿಯ ಹೊರಸನ್ನು ಪಟ್ಟಿಯಿಂದ ಮೂರು ಮೀಟರು ದೂರದಿಂದ ಒಂದೂವರೆ ಮೀಟರಿಗೆ ಎಳೆದರೆ, ನೇರವಾಗಿ ಬರುವ ಶಬ್ದದ ಮಟ್ಟ 6 ಡೆಸಿಬೆಲ್ ಏರುತ್ತದೆ. ನಾಲ್ಕು ಪಟ್ಟು ವಾಟುಗಳನ್ನು ಕೊಂಡಂತಾಯಿತು, ಖರ್ಚಿಲ್ಲ.

ಹಾಗಾದರೆ ವಾಟು ಸಾಲದೆ ಮಾತು ತಿಳಿಯದಿರುವುದಲ್ಲ. ಮತ್ತೇಕೆ?

ನಾವು ಆಡುವ ಮಾತಿನಲ್ಲಿ ಸ್ವರಗಳೂ ವ್ಯಂಜನಗಳೂ ಇವೆಯಷ್ಟೆ. ಅ, ಆ, ಓ ಮೊದಲಾದ ಸ್ವರಗಳು ಬಲಶಾಲಿಗಳು. ಅವುಗಳ ಶಕ್ತಿಯ ಬಹುಭಾಗ ಸೆಕೆಂಡಿಗೆ ಸಾವಿರ ಕಂಪನಗಳಿಗಿಂತ ಕೆಳಗಿನ ವಲಯದಲ್ಲಿದೆ. ಕ, ತ, ಪ, ಸ, ಶ ಎಂಬ ವ್ಯಂಜನಗಳಾದರೋ ಕ್ಷಣಮಾತ್ರದವು, ದುರ್ಬಲ. ಅವುಗಳ ಗುರುತು ಹೆಚ್ಚಾಗಿ 2000ದಿಂದ 8000 ಕಂಪನಗಳವರೆಗಿನ ಎತ್ತರದ ವಲಯದಲ್ಲಿ ಅಡಗಿದೆ. ಕಲೆ, ತಲೆ, ಬಲೆ ಎಂಬ ಮೂರು ಮಾತುಗಳನ್ನು ಹೇಳಿ ನೋಡಿ. ಮೊದಲ ವ್ಯಂಜನ ತಪ್ಪಿದರೆ ಮೂರೂ “ಅಲೆ” ಆಗಿಬಿಡುವುವು. ಸದ್ದನ್ನು ಹೊರುವುದು ಸ್ವರ, ಅರ್ಥವನ್ನು ಹೊರುವುದು ಬಹುಮಟ್ಟಿಗೆ ವ್ಯಂಜನ. ವಯಸ್ಸಾದಂತೆ ಕಿವಿಯ ಒಳಗಿನ ಶಂಖದಲ್ಲಿರುವ ರೋಮಕೋಶಗಳು ನಶಿಸುತ್ತವೆ. ಅದರಲ್ಲಿಯೂ ಎತ್ತರದ ಕಂಪನಗಳನ್ನು ಗ್ರಹಿಸತಕ್ಕವು ಮೊದಲು ಹೋಗುತ್ತವೆ. ಒಮ್ಮೆ ಹೋದವು ಮತ್ತೆ ಹುಟ್ಟವು. ಅಜ್ಜಿಗೆ ವಾರ್ತೆಯವನು ಮಾತಾಡುತ್ತಿರುವುದು ಚೆನ್ನಾಗಿಯೇ ಕೇಳಿಸುತ್ತಿದೆ. ಏನೆಂದುದು ಮಾತ್ರ ಕೇಳಿಸದು. “ಕೂಗಬೇಡ, ಬಿಡಿಸಿ ಹೇಳು” ಎಂದು ವೃದ್ಧರು ಹೇಳುವುದರಲ್ಲಿ ಶಬ್ದಶಾಸ್ತ್ರದ ಸೂಕ್ಷ್ಮವೇ ಇದೆ.

ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ತಗಡಿನ ತುತ್ತೂರಿಯ ಮೈಕನ್ನು ನೆನೆದುಕೊಳ್ಳಿರಿ. ಅದರಲ್ಲಿ ಮಂದ್ರಸ್ವರ ಇಲ್ಲವೇ ಇಲ್ಲ. ಸಂಗೀತಕ್ಕೆ ಅದು ಅಪಚಾರ. ಆದರೆ ಕಳೆದುಹೋದ ಮಗುವಿನ ಹೆಸರನ್ನು ಅದರಲ್ಲಿ ಕೂಗಿದರೆ ಹೊಲದಾಚೆಗೂ ತಿಳಿಯುತ್ತದೆ. ಹಳೆಯ ದೂರವಾಣಿಯೂ 300ರಿಂದ 3400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿದ್ದಿತು. ಅಷ್ಟರಲ್ಲಿಯೇ ಲೋಕದ ವ್ಯವಹಾರವೆಲ್ಲ ನಡೆಯಿತು. ಮಾತಿನ ಸ್ಪಷ್ಟತೆಗೆ ಮಂದ್ರವು ಅಗತ್ಯವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಅಗತ್ಯವಲ್ಲದಿರುವುದು ಮಾತ್ರವಲ್ಲ, ಅತಿಯಾದರೆ ಅಡ್ಡಿಯೂ ಹೌದು. ಜೋರಾದ ಕೆಳಸ್ವರವು ತನಗಿಂತ ಎತ್ತರದ ದುರ್ಬಲ ಸ್ವರಗಳನ್ನು ಮರೆಮಾಡುತ್ತದೆ. ಎತ್ತರದ ಸ್ವರವು ಕೆಳಸ್ವರವನ್ನು ಅಷ್ಟಾಗಿ ಮರೆಮಾಡಲಾರದು. ಹಿನ್ನೆಲೆಯಲ್ಲಿ ಸಬ್‌ವೂಫರ್ ಗುಮ್ಮೆನ್ನುತ್ತಿರುವಾಗ ಸಂಭಾಷಣೆಯ ಸಕಾರ ಶಕಾರಗಳು ಮುಳುಗಿಹೋಗುವುದು ಹೀಗೆ. ಅಂಗಡಿಯವನು ಹೆಮ್ಮೆಯಿಂದ ತೋರಿಸುವ “ಬೇಸ್” ಗುಂಡಿಯು ಅಜ್ಜಿಯ ಪಾಲಿಗೆ ಶತ್ರುವೆನ್ನಬೇಕು.

ಇನ್ನು ಕೋಣೆ. ಎರಡು ಸೌಂಡ್‌ಬಾರುಗಳ ನಡುವಣ ವ್ಯತ್ಯಾಸಕ್ಕಿಂತ ಎರಡು ಕೋಣೆಗಳ ನಡುವಣ ವ್ಯತ್ಯಾಸ ದೊಡ್ಡದೆಂದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ.

ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಅನುರಣನವೆಂದರೇನೆಂದು ವಿವರಿಸಬೇಕಾದ ಅಗತ್ಯವಿಲ್ಲ. ಅಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳಿ ಬರುತ್ತದೆ. ಹುಡುಗರು ಕೂಗಿ ನಲಿಯುತ್ತಾರೆ. ಆದರೆ ಅಲ್ಲಿ ನಿಂತು ನಾಲ್ಕು ಮಂದಿ ನೆಮ್ಮದಿಯಾಗಿ ಸಂಭಾಷಿಸಲಾರರು, ಏಕೆಂದರೆ ಹಿಂದಿನ ಮಾತು ಸಾಯುವುದರೊಳಗೆ ಮುಂದಿನ ಮಾತು ಅದರ ಮೇಲೆ ಬೀಳುತ್ತದೆ. ನಮ್ಮ ಹೊಸ ಆರ್.ಸಿ.ಸಿ. ಕೋಣೆಗಳು ಒಂದೊಂದೂ ಒಂದು ಪುಟ್ಟ ಗುಮ್ಮಟವೇ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1895ರಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಮಂದಿರವಿದ್ದಿತು. ಅಲ್ಲಿ ಅಧ್ಯಾಪಕರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ ವಾಲೇಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿಯ ಮೇಲೆ ಬಿದ್ದಿತು. ಅವರು ಪಕ್ಕದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು, ಒಂದಿಷ್ಟು ಮೆತ್ತೆಗಳನ್ನು ಹರಡಿ, ಆರ್ಗನ್ ವಾದ್ಯದ ಒಂದು ಕೊಳವೆಯನ್ನು ಊದಿ, ಸದ್ದು ಅಡಗುವವರೆಗಿನ ಹೊತ್ತನ್ನು ಅಳೆದರು; ಇನ್ನಷ್ಟು ಮೆತ್ತೆಗಳನ್ನು ಹರಡಿ ಮತ್ತೆ ಅಳೆದರು. ಈ ತಾಳ್ಮೆಯ ಫಲವಾಗಿ ಒಂದು ಸರಳ ಸೂತ್ರ ದೊರೆಯಿತು: ಕೋಣೆಯ ಘನ ಅಳತೆಯನ್ನು 0.16ರಿಂದ ಗುಣಿಸಿ, ಕೋಣೆಯಲ್ಲಿರುವ ವಸ್ತುಗಳ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಶಬ್ದವು 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು ಸಿಕ್ಕುತ್ತವೆ. ಹೀರಿಕೆಯನ್ನು ಅಳೆಯಲು ಅವರು ಆರಿಸಿದ ಮಾನ ತೆರೆದ ಕಿಟಕಿ! ಕಿಟಕಿಯಿಂದ ಹೊರಹೋದ ಸದ್ದು ಮರಳಿ ಬಾರದಾದ್ದರಿಂದ, ಒಂದು ಚದರ ಮೀಟರು ತೆರೆದ ಕಿಟಕಿ ಎಂದರೆ ಒಂದು ಪೂರ್ಣ ಘಟಕ.

ನಮ್ಮ ಕೋಣೆಗೆ ಈ ಲೆಕ್ಕವನ್ನು ಹಾಕೋಣ. ಉದ್ದ 5 ಮೀಟರು, ಅಗಲ 4, ಎತ್ತರ 3. ಘನ ಅಳತೆ 60. ನೆಲ, ಛಾವಣಿ, ಗೋಡೆಗಳೆಲ್ಲ ಸೇರಿ 94 ಚದರ ಮೀಟರು. ಸಿಮೆಂಟು ಗಿಲಾಯಿ, ನುಣುಪಾದ ಟೈಲ್ಸು ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರರಷ್ಟನ್ನು ಹೀರಿದರೆ ಹೆಚ್ಚು. ಒಟ್ಟು ಹೀರಿಕೆ 2.8. ಕದ ಕಿಟಕಿ ಮುಚ್ಚಿದ ಬರಿಯ ಕೋಣೆಯಲ್ಲಿ ಅನುರಣನ ಕಾಲ ಸುಮಾರು 3.4 ಸೆಕೆಂಡು ಎಂದಾಯಿತು. ನಾವು ಸೆಕೆಂಡಿಗೆ ಸುಮಾರು ಐದು ಅಕ್ಷರಗಳಂತೆ ಮಾತಾಡುತ್ತೇವೆ. ಒಂದಕ್ಕೂ ಮುಂದಿನದಕ್ಕೂ ಐದನೆಯ ಒಂದು ಸೆಕೆಂಡಿನ ಅಂತರ. ಅಷ್ಟರಲ್ಲಿ ಹಿಂದಿನ ಸ್ವರದ ಸದ್ದು ಇಳಿಯುವುದು ಮೂರೂವರೆ ಡೆಸಿಬೆಲ್ ಮಾತ್ರ. ಮುಂದೆ ಬರುವ ವ್ಯಂಜನವೋ ಸ್ವರಕ್ಕಿಂತ ಎಷ್ಟೋ ಕ್ಷೀಣವಾದುದು. ಸ್ವರದ ಬಾಲದಲ್ಲಿ ಅದು ಮುಳುಗದೆ ಇನ್ನೇನಾದೀತು?

ಈಗ ಒಂದು ಕದವನ್ನು ತೆರೆಯೋಣ: 2 ಘಟಕ. ನಾಲ್ಕು ಜನ ಬಂದು ಕುಳಿತರು: ಸುಮಾರು 1.8. ಹೊರಸಿನ ಮೇಲೆ ಹಾಸಿಗೆ ದಿಂಬುಗಳಿವೆ: 2 ಎನ್ನೋಣ. ಅನುರಣನ ಕಾಲ 1.1 ಸೆಕೆಂಡಿಗೆ ಇಳಿಯಿತು. ಇನ್ನು ಮನೆಯಲ್ಲಿರುವ ಎರಡು ದಪ್ಪನೆಯ ಕೌದಿಗಳನ್ನು ತೆಗೆದು, ಪಟ್ಟಿಯ ಎದುರು ಗೋಡೆಗೂ ಪಕ್ಕದ ಗೋಡೆಗೂ, ಗೋಡೆಯಿಂದ ನಾಲ್ಕು ಬೆರಳು ದೂರ ಬಿಟ್ಟು ತೂಗುಹಾಕೋಣ. ತೇಪೆಯ ಮೇಲೆ ತೇಪೆ ಹಚ್ಚಿದ ನಮ್ಮ ಹೆಂಗಸರ ಈ ಕೈಕೆಲಸವು ಮಾತಿನ ವಲಯದಲ್ಲಿ ಒಳ್ಳೆಯ ಶಬ್ದಹೀರಕ. ನೂಲಿನ ಎಳೆಗಳ ನಡುವೆ ಸಿಕ್ಕಿದ ಗಾಳಿಯು ಕಂಪಿಸುವಾಗ ಘರ್ಷಣೆಯಿಂದ ಶಬ್ದಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಎಂಟು ಚದರ ಮೀಟರಿನ ಎರಡು ಕೌದಿಗಳಿಂದ ಮೂರೂವರೆ ಘಟಕ ಸಿಕ್ಕಿತೆಂದರೂ ಅನುರಣನ ಕಾಲ 0.8 ಸೆಕೆಂಡಾಗುವುದು. ಈಗ ಒಂದಕ್ಷರದ ಅಂತರದಲ್ಲಿ ಹಿಂದಿನ ಸದ್ದು 15 ಡೆಸಿಬೆಲ್ ಇಳಿಯುತ್ತದೆ. ವ್ಯಂಜನ ತಲೆಯೆತ್ತಲು ಅವಕಾಶವಾಯಿತು. ಕೌದಿಯ ಚೆಲುವು ಗೋಡೆಗೆ ಬಂದುದು ಬೇರೆ ಲಾಭ.

ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಈ ಪೀಡೆ ಕಡಮೆ. ಜಂತಿಗಳ ಏರುತಗ್ಗಿನ ಛಾವಣಿ, ಒರಟಾದ ರಂಧ್ರಮಯ ಗೋಡೆ, ಒಂದು ಮೂಲೆಯಲ್ಲಿ ಒಟ್ಟಿದ ನೆಲ್ಲಿನ ಚೀಲಗಳು, ತಲೆಯ ಮೇಲೆ ತೆರೆದ ಬೆಳಕಿಂಡಿ—ಇವೆಲ್ಲ ಸದ್ದನ್ನು ಹೀರುತ್ತವೆ, ಇಲ್ಲವೇ ಚೆದರಿಸುತ್ತವೆ. ಆ ಮನೆಯಲ್ಲಿ ತಿಳಿಯುತ್ತಿದ್ದ ಮಾತು ಹೊಸ ಮನೆಯಲ್ಲಿ ತಿಳಿಯದಾದರೆ ಕಿವಿಯದೇ ದೋಷವೆಂದು ಹೇಳುವಂತಿಲ್ಲ.

ಕೋಣೆ ತಕ್ಕಮಟ್ಟಿಗೆ ಶಾಂತವಾದ ಮೇಲೆ ಎರಡು ಪಟ್ಟಿಗಳ ವ್ಯತ್ಯಾಸ ಕಾಣಿಸತೊಡಗುತ್ತದೆ. ಬರಿಯ ಕೋಣೆಯಲ್ಲಿ ಮೂರು ಮೀಟರು ದೂರದ ಕಿವಿಗೆ ತಲಪುವುದು ಬಹುಪಾಲು ಗೋಡೆಗಳಿಂದ ಬಂದ ಸದ್ದೇ ಆದ್ದರಿಂದ, ಪಟ್ಟಿಯೊಳಗೆ ಎರಡಿದ್ದರೇನು ಮೂರಿದ್ದರೇನು!

2.1 ಪಟ್ಟಿಯಲ್ಲಿ ನಡುವೆ ಏನೂ ಇಲ್ಲ. ಆದರೂ ವಾರ್ತೆಯವನ ಮಾತು ತೆರೆಯ ನಡುವಿನಿಂದಲೇ ಬಂದಂತೆ ತೋರುವುದು. ಎಡ ಬಲಗಳೆರಡರಿಂದಲೂ ಒಂದೇ ಧ್ವನಿ ಒಂದೇ ಕಾಲಕ್ಕೆ ಬಂದಾಗ ಮಿದುಳು ಅವುಗಳ ನಡುವೆ ಒಂದು ಹುಸಿ ಮೂಲವನ್ನು ಕಲ್ಪಿಸಿಕೊಳ್ಳುತ್ತದೆ. ಈ ಉಪಾಯವನ್ನು ಆಳವಾಗಿ ಚಿಂತಿಸಿದವರು ಆಂಗ್ಲ ಎಂಜಿನಿಯರ್ ಅಲನ್ ಬ್ಲಮ್‌ಲೀನ್. ಸಿನಿಮಾ ನೋಡುವಾಗ ನಟನು ತೆರೆಯ ಒಂದು ಬದಿಯಲ್ಲಿದ್ದು, ಮಾತು ಇನ್ನೆಲ್ಲಿಂದಲೋ ಬರುವುದು ಅವರಿಗೆ ಸರಿಬೀಳಲಿಲ್ಲವೆಂದು ಹೇಳುತ್ತಾರೆ. 1931ರಲ್ಲಿ ಅವರು ಎರಡು ಮಾರ್ಗಗಳ ಧ್ವನಿಗೆ ಪೇಟೆಂಟು ಕೋರಿದರು. ನಡುವೆ ಸರಿಯಾಗಿ ಕುಳಿತವನಿಗೆ ಈ ಭ್ರಮೆ ಸೊಗಸಾಗಿ ದೊರೆಯುತ್ತದೆ. ನಮ್ಮ ಅಜ್ಜಿ ಮಾತ್ರ ನಡುವೆ ಕುಳಿತಿಲ್ಲ. ನಡುಭಾಗವನ್ನು ಸೋಫಾ ಆಕ್ರಮಿಸಿದೆ. ಆಕೆಯ ಹೊರಸು ಪಕ್ಕದ ಗೋಡೆಗೆ ಹತ್ತಿಕೊಂಡಿದೆ.

ಪಟ್ಟಿಯ ಎರಡು ಧ್ವನಿವರ್ಧಕಗಳ ನಡುವೆ 80 ಸೆಂಟಿಮೀಟರು ಅಂತರವಿದೆ ಎನ್ನೋಣ. ಅಜ್ಜಿ ಮೂರು ಮೀಟರು ಹಿಂದೆ, ನಡುಗೆರೆಯಿಂದ ಒಂದೂವರೆ ಮೀಟರು ಬದಿಗೆ ಇದ್ದಾಳೆ. ಹತ್ತಿರದ ಧ್ವನಿವರ್ಧಕ ಆಕೆಗೆ ಸುಮಾರು 3.20 ಮೀಟರು ದೂರ, ಇನ್ನೊಂದು 3.55. ಅಂತರ ಸುಮಾರು 35 ಸೆಂಟಿಮೀಟರು. ನಮ್ಮ ಸೀಮೆಯ ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರಾದ್ದರಿಂದ (ವೈಶಾಖದ ಮಧ್ಯಾಹ್ನದಲ್ಲಿ ಇನ್ನೂ ಐದಾರು ಮೀಟರು ಹೆಚ್ಚು), ದೂರದ ಧ್ವನಿ ಒಂದು ಸಾವಿರಾಂಶ ಸೆಕೆಂಡು ತಡವಾಗಿ ಬರುವುದು. ಇದರಿಂದ ಎರಡು ಪರಿಣಾಮಗಳು. ಮೊದಲು ಬಂದ ಅಲೆಯ ದಿಕ್ಕನ್ನೇ ಕಿವಿ ನಂಬುವುದೆಂದು ಜರ್ಮನಿಯ ಹೆಲ್ಮುಟ್ ಹಾಸ್ ಮೊದಲಾದವರು 1949ರ ಸುಮಾರಿಗೆ ತೋರಿಸಿದರು. ಅದರಂತೆ ಮಾತು ಹತ್ತಿರದ ತುದಿಗೆ ಸರಿದಂತೆ ತೋರುತ್ತದೆ. ಪಟ್ಟಿಯೇ ಚಿಕ್ಕದಾದ್ದರಿಂದ ಇದು ದೊಡ್ಡ ತೊಂದರೆಯಲ್ಲ. ಎರಡನೆಯದು ಗಂಭೀರ. ಯಾವ ಸ್ವರದ ಅರ್ಧ ಕಂಪನವು ಸರಿಯಾಗಿ ಒಂದು ಸಾವಿರಾಂಶ ಸೆಕೆಂಡು ಹಿಡಿಯುವುದೋ ಆ ಸ್ವರದಲ್ಲಿ ಒಂದು ಅಲೆಯ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಬಂದು ಬೀಳುತ್ತದೆ. ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ಸೆಕೆಂಡಿಗೆ 500 ಕಂಪನಗಳಲ್ಲಿ ಒಂದು ಕುಳಿ, 1500ರಲ್ಲಿ ಇನ್ನೊಂದು, 2500, 3500 ಹೀಗೆ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಬರುತ್ತವೆ. ಎಲ್ಲವೂ ಮಾತಿನ ವಲಯದಲ್ಲಿಯೇ! ಗೋಡೆಗಳಿಂದ ಬಂದ ಸದ್ದು ಈ ಕುಳಿಗಳನ್ನು ಕೊಂಚ ತುಂಬುತ್ತದೆ, ನಿಜ. ಎಳೆಯ ಕಿವಿಗೆ ಇದು ಅರಿವಿಗೂ ಬಾರದೆ ಹೋಗಬಹುದು. ಆದರೆ ಆಗಲೇ ಅರ್ಧ ಕಳೆದುಕೊಂಡ ಕಿವಿಗೆ ಉಳಿದುದರಲ್ಲಿಯೂ ಕಡಿತವೆಂದರೆ ಅನ್ಯಾಯವೇ ಸರಿ.

ನಡುವೆ ಒಂದು ನಿಜವಾದ ಧ್ವನಿವರ್ಧಕವಿದ್ದು ಮಾತೆಲ್ಲ ಅದರಿಂದಲೇ ಹೊರಟರೆ ಈ ಗೊಂದಲವಿಲ್ಲ. ಮೂಲ ಒಂದೇ, ದೂರ ಒಂದೇ. ಎಲ್ಲಿ ಕುಳಿತರೂ ಮಾತು ತನ್ನ ಸ್ಥಾನದಿಂದಲೇ ಬರುವುದು. ಇದು ಹೊಸ ಸಂಗತಿಯಲ್ಲ. 1933ರ ಏಪ್ರಿಲಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಫಿಲಡೆಲ್ಫಿಯ ನಗರದಲ್ಲಿ ನುಡಿದ ವಾದ್ಯಮೇಳವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದಾಗ ಬಳಸಿದ್ದು ಎರಡು ಮಾರ್ಗಗಳನ್ನಲ್ಲ, ಮೂರನ್ನು. ವಿಶಾಲವಾದ ಸಭೆಯಲ್ಲಿ ಎಲ್ಲರೂ ನಡುವೆ ಕೂರಲಾರರೆಂಬುದೇ ಅದರ ಮರ್ಮ. ಸಿನಿಮಾ ಮಂದಿರಗಳಲ್ಲಿ ಸಂಭಾಷಣೆಯು ಇಂದಿಗೂ ತೆರೆಯ ಹಿಂದಿನ ನಡುಧ್ವನಿವರ್ಧಕದಿಂದಲೇ ಮುಖ್ಯವಾಗಿ ಹೊರಡುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಟೀವಿಯ ವಾರ್ತೆಯೂ ಧಾರಾವಾಹಿಯೂ ಸಾಮಾನ್ಯವಾಗಿ ಎರಡೇ ಮಾರ್ಗಗಳಲ್ಲಿ ಬರುವುವು. ಬಂದುದನ್ನು ಬಂದಂತೆಯೇ ನುಡಿಸುವ ವಿಧಾನದಲ್ಲಿ ಸೌಂಡ್‌ಬಾರ್ ಇದ್ದರೆ ನಡುವಣದು ಮೂಕವಾಗಿಯೇ ಕುಳಿತಿರುತ್ತದೆ. ಎಡ ಬಲಗಳೆರಡರಲ್ಲಿಯೂ ಸಮಾನವಾಗಿರುವ ಅಂಶವನ್ನು—ಅದು ಹೆಚ್ಚಾಗಿ ಮಾತೇ—ಬೇರ್ಪಡಿಸಿ ನಡುವಿಗೆ ಕಳುಹಿಸುವ ವಿಧಾನವನ್ನು ರಿಮೋಟಿನಲ್ಲಿ ಆರಿಸಬೇಕು. ಕೊಳ್ಳುವ ಮೊದಲು ಅಂಗಡಿಯಲ್ಲಿ ವಾರ್ತೆಯನ್ನು ಹಾಕಿಸಿ, ಪಟ್ಟಿಯ ನಡುಭಾಗಕ್ಕೆ ಕಿವಿ ಹಚ್ಚಿ, ಅಲ್ಲಿಂದ ಮಾತು ಬರುತ್ತಿದೆಯೇ ಎಂದು ನೋಡುವುದು ಒಳಿತು. ಅಂಗಡಿಯವನು ನಕ್ಕರೆ ನಗಲಿ. ಸಿನಿಮಾವು ಐದು ಮಾರ್ಗಗಳಲ್ಲಿ ಬಂದಿದ್ದರೂ ಟೀವಿಯ ಧ್ವನಿಯ ಏರ್ಪಾಡಿನಲ್ಲಿ ಎರಡು ಮಾರ್ಗಗಳಿಗೆ ಇಳಿಸುವ ಆಯ್ಕೆಯಿದ್ದರೆ ಎಲ್ಲವೂ ವ್ಯರ್ಥ, ಅದನ್ನೂ ಬದಲಿಸಬೇಕು.

ಬೆನ್ನ ಹಿಂದಿನ ಎರಡು ಚಿಕ್ಕ ಧ್ವನಿವರ್ಧಕಗಳು ಮಳೆ, ಗಾಳಿ, ಜನಜಂಗುಳಿಗಳ ಸದ್ದಿಗೆ. ಮಾತಿಗೆ ಅವುಗಳಿಂದ ಪ್ರಯೋಜನವಿಲ್ಲ. ತಂತಿಗಳು ಬಾಗಿಲನ್ನು ದಾಟಬೇಕು. ನೆಲ್ಲು ತುಂಬಿದ ಮನೆಯಲ್ಲಿ ಇಲಿಗಳೂ ಇರುತ್ತವೆಂಬುದನ್ನು ಮರೆಯಲಾಗದು. ತಂತಿಯಿಲ್ಲದೆ ಮುಂದಿನ ಪಟ್ಟಿಯಿಂದಲೇ ಹಿಂದಿನ ಸದ್ದಿನ ಭ್ರಮೆ ಹುಟ್ಟಿಸುವ ಉಪಾಯ ಮೊದಲನೆಯ ಬಗೆಯಲ್ಲಿದೆ. ನಮ್ಮ ಕಿವಿಯ ಹಾಲೆಯು ಹಿಂದಿನಿಂದ ಬಂದ ಸದ್ದನ್ನು ಹೇಗೆ ಮಾರ್ಪಡಿಸುವುದೋ ಹಾಗೆಯೇ ಮೊದಲೇ ಮಾರ್ಪಡಿಸಿ ಕಳುಹಿಸುವ ಜಾಣ್ಮೆಯದು. ನಡುವೆ ಕುಳಿತ ಒಬ್ಬಿಬ್ಬರಿಗೆ ಅಷ್ಟಿಷ್ಟು ಫಲಿಸುವುದು. ಛಾವಣಿಗೆ ಸದ್ದನ್ನು ಎರಚಿ ಮೇಲಿನಿಂದ ಬಂದಂತೆ ಮಾಡುವ ದುಬಾರಿ ಪಟ್ಟಿಗಳೂ ಇವೆ, ಸಪಾಟಾದ ಆರ್.ಸಿ.ಸಿ. ಛಾವಣಿಯಲ್ಲಿ ಅವಕ್ಕೆ ಅರ್ಥವುಂಟು, ಜಂತಿಯ ಮಾಳಿಗೆಯಲ್ಲಿ ಇಲ್ಲ.

ಹುಡುಗರಿಗೆ ಮಾತುಕೊಟ್ಟಂತೆ ಗುಡುಗಿನ ವಿಚಾರ. ಒಂದು ಪೊರೆಯು ಅದೇ ಮಟ್ಟದ ಸದ್ದನ್ನು ಅರ್ಧ ಕಂಪನಸಂಖ್ಯೆಯಲ್ಲಿ ನುಡಿಯಬೇಕಾದರೆ ನಾಲ್ಕು ಪಟ್ಟು ಹೆಚ್ಚು ದೂರ ಹಿಂದುಮುಂದಾಗಿ ಚಲಿಸಬೇಕು. ಪಟ್ಟಿಯೊಳಗಿನ ಐದು ಸೆಂಟಿಮೀಟರಿನ ಪೊರೆಗೆ ಇದು ಅಸಾಧ್ಯ. ಹದಿನಾರು ಸೆಂಟಿಮೀಟರಿನ ಪೊರೆಗೆ ಹತ್ತು ಪಟ್ಟು ವಿಸ್ತಾರವಿರುವುದರಿಂದ ಸಾಧ್ಯ. ಎರಡೂ ಬಗೆಗಳಲ್ಲಿ ಪ್ರತ್ಯೇಕ ಸಬ್‌ವೂಫರ್ ಇರುವುದರಿಂದ ಇಲ್ಲಿ ಜಗಳವಿಲ್ಲ. ಎಲ್ಲಿಡಬೇಕೆಂಬುದೇ ಪ್ರಶ್ನೆ. ಸೆಕೆಂಡಿಗೆ 50 ಕಂಪನದ ಅಲೆಯ ಉದ್ದ ಏಳು ಮೀಟರು, ಕೋಣೆಗಿಂತಲೂ ದೊಡ್ಡದು. ಆದ್ದರಿಂದ ಅದು ಎಲ್ಲಿಂದ ಬರುತ್ತಿದೆಯೆಂದು ಕಿವಿಗೆ ತಿಳಿಯದು, ಪೆಟ್ಟಿಗೆಯನ್ನು ಟೀವಿಯ ಪಕ್ಕದಲ್ಲಿಯೇ ಇಡಬೇಕೆಂಬ ನಿಯಮವಿಲ್ಲ. ಆದರೆ ಐದು ಮೀಟರಿನ ಕೋಣೆಯಲ್ಲಿ 35ರ ಸುಮಾರಿಗೂ ನಾಲ್ಕು ಮೀಟರಿನ ಅಗಲದಲ್ಲಿ 44ರ ಸುಮಾರಿಗೂ ಗೋಡೆಯಿಂದ ಗೋಡೆಗೆ ಅಲೆಗಳು ನಿಂತುಬಿಡುತ್ತವೆ. ಗೋಡೆಯ ಬಳಿ, ಮೂಲೆಯಲ್ಲಿ ಗುಮ್ಮೆನ್ನುವುದು. ಕೋಣೆಯ ನಡುವೆ ಅದೇ ಸ್ವರ ಮಾಯವಾಗುವುದು. ಅಜ್ಜಿಯ ಹೊರಸು ಗೋಡೆಗೆ ಹತ್ತಿರುವುದರಿಂದ ಗುಮ್ಮೆಂಬ ಸದ್ದೆಲ್ಲ ಆಕೆಯ ಪಾಲು! ಸಬ್‌ವೂಫರನ್ನು ಮೂಲೆಯಿಂದ ಒಂದು ಮೀಟರಿನಷ್ಟು ಈಚೆಗೆಳೆದು, ಅದರ ಮಟ್ಟವನ್ನು ಇಳಿಸಿ, ವಾರ್ತೆಯ ಹೊತ್ತಿನಲ್ಲಿ ಕನಿಷ್ಠಕ್ಕೆ ತರುವುದು ಮೇಲು.

ಟೀವಿಗೂ ಪಟ್ಟಿಗೂ ಸಂಬಂಧವನ್ನು ಎಚ್‌ಡಿಎಂಐ ಎಆರ್‌ಸಿ ಎಂದು ಗುರುತಿಸಿದ ಕಿಂಡಿಯ ಮೂಲಕ, ತಂತಿಯಿಂದಲೇ ಕಲ್ಪಿಸಬೇಕು. 2009ರಲ್ಲಿ ಬಂದ ಈ ಏರ್ಪಾಡಿನಿಂದ ಟೀವಿಯ ರಿಮೋಟೊಂದರಿಂದಲೇ ಸದ್ದನ್ನು ಏರಿಸಿ ಇಳಿಸಬಹುದು. ಬ್ಲೂಟೂತಿನಲ್ಲಿ ಸಂಕೇತವನ್ನು ಅಡಕಗೊಳಿಸಿ ಬಿಚ್ಚುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಮಿಕ್ಕಿ ತಡವಾಗುವುದುಂಟು. ಆಗ ತುಟಿಯ ಚಲನೆಗೂ ಮಾತಿಗೂ ಹೊಂದಿಕೆಯಾಗದು. ಕಿವಿ ಮಂದವಾದವರು ತಮಗರಿಯದೆಯೇ ತುಟಿಯನ್ನು ಓದುತ್ತಾರೆ. ಅವರಿಂದ ಆ ಊರುಗೋಲನ್ನೂ ಕಸಿಯಬಾರದು.

ನಮ್ಮ ಕಲ್ಪನೆಯ ಆ ಮನೆಗೆ ನಾನು ಸೂಚಿಸುವುದು ನಡುಧ್ವನಿವರ್ಧಕವಿರುವ ಎರಡನೆಯ ಬಗೆಯನ್ನು, ಹಿಂದಿನ ಚಿಕ್ಕವುಗಳ ತಂತಿಗಳನ್ನು ಗೋಡೆಯ ಅಂಚಿನಲ್ಲಿ ಕೊಳವೆಯೊಳಗೆ ಸಾಗಿಸಲು ಸಾಧ್ಯವಾಗುವ ಪಕ್ಷದಲ್ಲಿ. ಒಬ್ಬಿಬ್ಬರೇ ಇರುವ, ಎಲ್ಲರೂ ಟೀವಿಯ ಎದುರಿಗೇ ಕೂರುವ ಚಿಕ್ಕ ಮನೆಗಾದರೆ ಮೊದಲನೆಯದೇ ಸಾಕು. ತಂತಿಗಳ ತಾಪತ್ರಯವಿಲ್ಲದಿರುವುದೂ ಒಂದು ಗುಣವೇ. ಯಾವುದನ್ನು ಕೊಂಡರೂ ಮಾತನ್ನು ಎತ್ತಿ ತೋರಿಸುವ ವಿಧಾನವೂ ರಾತ್ರಿಯ ಹೊತ್ತಿನ ವಿಧಾನವೂ ಇವೆಯೇ ಎಂದು ನೋಡಬೇಕು. ಮೊದಲನೆಯದು ವ್ಯಂಜನಗಳ ವಲಯವನ್ನು ಮೇಲೆತ್ತುತ್ತದೆ. ಎರಡನೆಯದು ಸ್ಫೋಟವನ್ನು ತಗ್ಗಿಸಿ ಪಿಸುಮಾತನ್ನು ಹಿಗ್ಗಿಸುತ್ತದೆ. ಪಟ್ಟಿಯನ್ನು ಕಪಾಟಿನ ಗೂಡಿನೊಳಗೆ ತುರುಕದೆ, ಅದರ ಮುಂಚು ಮೇಜಿನ ಅಂಚಿಗೆ ಸಮನಾಗಿರುವಂತೆ, ಸಾಧ್ಯವಾದಷ್ಟು ಕಿವಿಯ ಎತ್ತರಕ್ಕೆ ಇಡಬೇಕು. ಮಳೆಗಾಲಕ್ಕೆ ಮುಂಚಿನ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನು ಕಿತ್ತಿಡುವುದು ಮರೆಯಬಾರದು.

ಇಷ್ಟೆಲ್ಲ ಮಾಡಿಯೂ ಮಾತು ತಿಳಿಯದಿದ್ದರೆ? ಆಗ ಸೌಂಡ್‌ಬಾರಿನ ಅಂಗಡಿಯನ್ನು ಬಿಟ್ಟು ಜಿಲ್ಲಾ ಕೇಂದ್ರದ ಆಸ್ಪತ್ರೆಯ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಬೇಕು. ಗುಗ್ಗೆ ಕಟ್ಟಿಕೊಂಡುದಷ್ಟೇ ಕಾರಣವಾಗಿದ್ದರೆ ಹತ್ತು ನಿಮಿಷದ ಕೆಲಸ. ಅಲ್ಲವಾದರೆ ಯಾವ ಕಂಪನಸಂಖ್ಯೆಯಲ್ಲಿ ಎಷ್ಟು ಡೆಸಿಬೆಲ್ ಕೊರತೆಯಿದೆಯೆಂದು ಅಳೆದು ನಕ್ಷೆ ಬರೆದುಕೊಡುತ್ತಾರೆ. ಶ್ರವಣಸಾಧನವು ಆ ಕೊರತೆಯಿದ್ದಲ್ಲಿ ಮಾತ್ರ ಸದ್ದನ್ನು ಎತ್ತುತ್ತದೆ. ಮೈಸೂರಿನಲ್ಲಿ 1966ರಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ಕಾರ್ಯಕ್ಕೆ ಮೀಸಲಾದುದು.

ತುಲನೆಯನ್ನು ಮನೆಯಲ್ಲಿಯೇ ಪರೀಕ್ಷಿಸಲು ಬಯಸುವವರಿಗೆ ಒಂದು ಸುಲಭ ವಿಧಾನವಿದೆ. ಕಲೆ, ತಲೆ, ಬಲೆ. ಕಾಲು, ಪಾಲು, ಸಾಲು. ಪಟ, ಹಟ, ಚಟ—ಇಂಥ ಇಪ್ಪತ್ತು ಮಾತುಗಳನ್ನು ಕ್ರಮಗೆಡಿಸಿ ಬರೆದುಕೊಂಡು, ಮನೆಯವರಲ್ಲದ ಒಬ್ಬರಿಂದ ಮೊಬೈಲಿನಲ್ಲಿ ಒಂದೇ ಮಟ್ಟದಲ್ಲಿ ಓದಿಸಿ ಮುದ್ರಿಸಿಕೊಳ್ಳಿರಿ. ಅಜ್ಜಿಯನ್ನು ಆಕೆಯ ಹೊರಸಿನ ಮೇಲೆಯೇ ಕೂರಿಸಿ, ಟೀವಿಯ ಮೂಲಕ ಅದನ್ನು ನುಡಿಸಿ, ಕೇಳಿಸಿದಂತೆ ಹೇಳಲು ತಿಳಿಸಿ, ಸರಿಯಾದವುಗಳನ್ನು ಎಣಿಸಿರಿ. ಮೊದಲು ಟೀವಿಯ ಸ್ವಂತ ಧ್ವನಿ, ಬಳಿಕ ಸೌಂಡ್‌ಬಾರ್, ಬಳಿಕ ಸಬ್‌ವೂಫರನ್ನು ತಗ್ಗಿಸಿ, ಕೊನೆಗೆ ಕೌದಿಗಳನ್ನು ತೂಗುಹಾಕಿ. ಪ್ರತಿಸಲವೂ ಮಾತುಗಳ ಸರದಿಯನ್ನು ಬದಲಿಸಬೇಕು, ಇಲ್ಲವಾದರೆ ಅಜ್ಜಿ ಅವನ್ನು ಬಾಯಿಪಾಠ ಮಾಡಿಬಿಡುವಳು. ಆಕೆಯ ಕಿವಿ ಮಂದವಾಗಿರಬಹುದು, ನೆನಪು ಮಂದವಾಗಿಲ್ಲ.